ಎರಡಡಿ ಎತ್ತರ
10 ಜನವರಿ 2025, ಶುಕ್ರವಾರ ರಾತ್ರಿ

ಅಕ್ಕ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಬೇಕಾಗಿದ್ದದ್ದು ಒಂದೇ ಸಹಿ, ಪಿಂಚಣಿ ಕಾಗದಕ್ಕೆ. ಕಚೇರಿ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗಿನ ಬಾಗಿಲಿಗೇ ನಾಲ್ಕು ಮೆಟ್ಟಿಲು. ಪಕ್ಕದಲ್ಲಿ ರ್‍ಯಾಂಪ್ ಏನೋ ಇದೆ, ಅದರ ಬುಡದಲ್ಲಿ ಸಾಲಾಗಿ ಬೈಕ್‌ಗಳು. ಕಾವಲಿನವರು ಪಾಪ, ಒಂದೊಂದೇ ಸರಿಸಿಕೊಟ್ಟರು. ಗಾಲಿಕುರ್ಚಿ ತಳ್ಳಿದೆ. ಅರ್ಧ ದಾರಿಯಲ್ಲಿ ಮುಂದಿನ ಗಾಲಿಗಳು ನೆಲ ಬಿಟ್ಟವು. ಅಕ್ಕ ಹಿಂದಕ್ಕೆ ವಾಲಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮಣಿಕಟ್ಟು ಈಗಲೂ ನೋಯುತ್ತಿದೆ.

ಅಷ್ಟರಲ್ಲಿ ನಾಲ್ಕು ಜನ ಓಡಿ ಬಂದರು. "ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ ಬಿಡಿ" ಎಂದರು. ಅಕ್ಕ ಬೇಡ ಎಂದಳು. ಮತ್ತೆ ಕೇಳಿದರು. "ಬೇಡಪ್ಪಾ, ಮುಟ್ಟಬೇಡಿ." ಅವರ ಮುಖ ಸಣ್ಣದಾಯಿತು. ಆಗ ನಾನು ಆ ಮಾತು ಆಡಿಬಿಟ್ಟೆ: "ಎರಡು ನಿಮಿಷ ತಾನೇ ಅಕ್ಕಾ, ಹೋಗಿಬಿಡೋಣ."

ಅವಳು ನನ್ನನ್ನು ನೋಡಿದ ರೀತಿ ಮರೆಯಲು ಆಗುತ್ತಿಲ್ಲ.

ಕೊನೆಗೆ ಗುಮಾಸ್ತರೇ ರಿಜಿಸ್ಟರ್ ಹಿಡಿದು ಕೆಳಗೆ ಬಂದರು. ಒಳ್ಳೆಯವರು. ಆದರೆ ಅಕ್ಕನಿಗೆ ಶೇಕಡಾ ಎಷ್ಟು ಅಂಗವೈಕಲ್ಯ ಅನ್ನೋದನ್ನು ಬೈಕ್‌ಗಳ ನಡುವೆ, ಎಲ್ಲರಿಗೂ ಕೇಳುವ ಹಾಗೆ ಓದಿದರು.

ಸಂಜೆ ಚಿಕ್ಕಪ್ಪನ ಟೇಪ್ ತೆಗೆದುಕೊಂಡು ಒಬ್ಬನೇ ಮತ್ತೆ ಹೋದೆ. ಎತ್ತರ ಎರಡಡಿ. ರ್‍ಯಾಂಪ್ ಉದ್ದ ಏಳಡಿ. ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು ಅನ್ನೋದು ಲೆಕ್ಕ. ಅಂದರೆ ಇಪ್ಪತ್ತನಾಲ್ಕಡಿ ಇರಬೇಕಿತ್ತು. ಕಟ್ಟಿದವರು ಒಂದು ಸಲವಾದರೂ ಕುರ್ಚಿ ತಳ್ಳಿ ನೋಡಿದ್ದರೆ!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಮತ್ತೆ ಓದಿದೆ. ಕಾಯ್ದೆಯಡಿ ನಿಯಮ ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಎಲ್ಲರೂ ಬಳಸುವಂತಾಗಬೇಕು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದು ಎರಡೂವರೆ ವರ್ಷ. ಎರಡು ತಿಂಗಳ ಹಿಂದೆ, ನವೆಂಬರ್ 8ರಂದು, ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ ಅಲ್ವಾ? ಬರೀ ಮಾರ್ಗಸೂಚಿ ಸಾಲದು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ. ಕಣ್ಣು ಕಾಣದ ರಾಜೀವ್ ರತೂರಿ ಆ ಅರ್ಜಿ ಹಾಕಿದ್ದು 2005ರಲ್ಲಿ. ಅಷ್ಟು ವರ್ಷ ಕಾದಿದ್ದಾರೆ. ಅದನ್ನು ನೆನೆದೇ ಇವತ್ತು ಪೆನ್ನು ಹಿಡಿದೆ. ವಿಕಲಚೇತನರ ಹಕ್ಕು ನೋಡಿಕೊಳ್ಳುವ ರಾಜ್ಯ ಆಯುಕ್ತರಿಗೆ ದೂರು.

ಒಳಗಿಂದ ಅಕ್ಕನ ದನಿ. "ಬರೀತಿದ್ದೀಯಾ?"

"ಹೂಂ."

"ಕೆಳಗೆ ಬಂದ ಗುಮಾಸ್ತರ ಮೇಲೆ ಏನೂ ಬರೀಬೇಡ. ಎತ್ತೋಕೆ ಬಂದವರ ಮೇಲೂ."

"ಮತ್ತೆ?"

"ಅಳತೆ ಬರಿ. ನನ್ನ ಹೆಸರಲ್ಲೇ ಬರಿ. ಸಹಿ ನಾನೇ ಹಾಕ್ತೀನಿ."

ಅವಳ ಹೆಸರು ಬರೆದೆ. ಅಳತೆ ಬರೆದೆ. ಕ್ಷಮಿಸು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಈಗ ಹೊಳೆಯುತ್ತಿದೆ, ರ್‍ಯಾಂಪ್ ಸರಿಯಾದರೂ ಅವಳು ಹೋಗಬಹುದಾದದ್ದು ಕೆಳಗಿನ ಬಾಗಿಲವರೆಗೆ ಮಾತ್ರ. ಲಿಫ್ಟ್ ಕೇಳಬೇಕಾ, ಇಲ್ಲ ಆ ವಿಭಾಗವನ್ನೇ ನೆಲಮಹಡಿಗೆ ತನ್ನಿ ಅಂತ ಕೇಳೋದಾ? ಅಕ್ಕನನ್ನೇ ಕೇಳಬೇಕು. ಅವಳು ಇನ್ನೂ ಎಚ್ಚರ ಇದ್ದರೆ...