ಟಪ್ ಅಂತ ಮುಚ್ಚುವ ಫೋನು

ಮಂಗಳೂರಲ್ಲಿ ಬೆಳಗ್ಗಿನಿಂದ ಬಿಡದ ಮಳೆ. ಕಪಾಟು ಕ್ಲೀನ್ ಮಾಡುವಾಗ ಅಣ್ಣನ ಹಳೇ ಮೋಟೊರೋಲಾ ರೇಜರ್ ವಿ3 ಸಿಕ್ಕಿತು. 2004ರಲ್ಲಿ ಬಂದ ಮಾಡೆಲ್. ಮಡಚಿದಾಗ ದಪ್ಪ ಬರೀ 13.9 ಮಿಲಿಮೀಟರ್, ತೂಕ 95 ಗ್ರಾಂ. ಅಂಗಿ ಜೇಬಲ್ಲಿಟ್ಟರೆ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ನನಗೆ ಇವತ್ತಿಗೂ ಇಷ್ಟ ಆಗೋದು ಅದರ ಕೀಪ್ಯಾಡ್. ತೆಳ್ಳಗಿನ ಲೋಹದ ಹಾಳೆ, ಅದರಲ್ಲೇ ಕೊರೆದ ಅಂಕಿಗಳು, ಒಳಗಿನಿಂದ ನೀಲಿ ಬೆಳಕು. ಕರೆಂಟ್ ಹೋದ ಒಂದು ರಾತ್ರಿ ಅಮ್ಮ ಅದೇ ಬೆಳಕಲ್ಲಿ ಬೆಂಕಿಪೆಟ್ಟಿಗೆ ಹುಡುಕಿದ್ದರು.

ಕ್ಯಾಮೆರಾ ಬರೀ ವಿಜಿಎ, ಅಂದರೆ ಸುಮಾರು 0.3 ಮೆಗಾಪಿಕ್ಸೆಲ್. ಮೆಮೊರಿ ಸುಮಾರು 5 ಎಂಬಿ, ಕಾರ್ಡ್ ಹಾಕೋಕೆ ಜಾಗ ಇಲ್ಲ. ಒಂದು ಪೂರ್ತಿ ಹಾಡಿಗೇ ಅಷ್ಟು ಬೇಕು, ಅಲ್ವಾ? ಹಾಡು, ಫೋಟೋ ಅಂತಾದರೆ ಆಮೇಲೆ ಬಂದ ವಿ3ಐ ಮೇಲು: 1.23 ಮೆಗಾಪಿಕ್ಸೆಲ್ ಕ್ಯಾಮೆರಾ, ಜೊತೆಗೆ ಮೆಮೊರಿ ಕಾರ್ಡ್.

ಆದರೆ ಮಾತು ಮುಗಿದ ಮೇಲೆ ಟಪ್ ಅಂತ ಮಡಚುವ ಆ ಸುಖ! ಅಲ್ಲಿಗೆ ಫೋನಿನ ಕೆಲಸ ಮುಗಿಯುತ್ತಿತ್ತು. ಈಗ ಕರೆ ಕಟ್ ಆದ ಮೇಲೂ ಬೆರಳು ಸುಮ್ನೆ ಸ್ಕ್ರೀನ್ ಮೇಲೇ ಓಡಾಡುತ್ತಿರುತ್ತದೆ.

ಯಾರ ಹತ್ರ ಆದರೂ ಮಿನಿ ಯುಎಸ್‌ಬಿ ಚಾರ್ಜರ್ ಇದ್ದರೆ ಹೇಳಿ. ಹಂಪನಕಟ್ಟೆಗೆ ಬಂದು ತೆಗೆದುಕೊಂಡು ಹೋಗುತ್ತೇನೆ.