ಎಮ್ಮೆ ರಸ್ತೆ ದಾಟಿದ ಹಾಗೆ

ಮೊದಲ ಕ್ವಾರ್ಟರ್ ಮುಗಿದಾಗ 10–3. ಆ ಹತ್ತರಲ್ಲಿ ಎಂಟು ನಾವೇ ಕೈಯಾರೆ ಕೊಟ್ಟಿದ್ದು. ಪ್ರೌಢಶಾಲೆಗಳ ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್ ಸೆಮಿಫೈನಲ್, ಹಾಸನದ ಜಿಲ್ಲಾ ಕ್ರೀಡಾಂಗಣ, ಜಿಟಿಜಿಟಿ ಮಳೆ. ಎದುರಿಗಿದ್ದವರು ಟೌನಿನ ಹುಡುಗಿಯರು. ಬೆಂಚಿನ ತುಂಬ ಜನ, ಎಲ್ಲರಿಗೂ ಒಂದೇ ಬಣ್ಣದ ಶೂ. ನಾವು ಸಕಲೇಶಪುರದ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದ ಏಳು ಮಂದಿ. ಅದರಲ್ಲೂ ಒಬ್ಬಳಿಗೆ ಬಾಳ್ಳುಪೇಟೆ ದಾಟುವಷ್ಟರಲ್ಲೇ ವಾಂತಿ.

ಅವರು ಅಂಗಳದುದ್ದಕ್ಕೂ ಮೈಮೇಲೆ ಬಿದ್ದು ಆಡುತ್ತಿದ್ದರು. ನಮ್ಮವರು ಗಾಬರಿಯಲ್ಲಿ ಅವರಿಗಿಂತ ಜೋರಾಗಿ ಓಡುವುದು, ಕಣ್ಣು ಮುಚ್ಚಿ ಚೆಂಡೆಸೆಯುವುದು, ಅದು ಅವರ ಕೈಸೇರಿ ನಮ್ಮ ರಿಂಗಿಗೇ ಬೀಳುವುದು. ಮಕ್ಕಳು ಹುರುಪಿನಿಂದ ಓಡುತ್ತಾರೆ ಅಂತ ನೋಡುವವರಿಗೆ ಅನಿಸುತ್ತದೆ. ಹದಿನಾರು ವರ್ಷ ಪಿ.ಟಿ. ಮಾಡಿಸಿದ ನನಗೆ ಗೊತ್ತು, ಮುಕ್ಕಾಲು ಪಾಲು ಹೆದರಿಕೆಗೇ ಓಡೋದು.

ಎರಡು ನಿಮಿಷದ ಬಿಡುವಿನಲ್ಲಿ ನಾಲ್ಕನೇ ನಂಬರಿನವಳನ್ನು ಹತ್ತಿರ ಕರೆದೆ. (ನಮ್ಮದು ಹಳೇ ಬನಿಯನ್ ಸೆಟ್, ನಂಬರು ನಾಲ್ಕರಿಂದಲೇ ಶುರು. ರೆಫರಿ ಬೆರಳೆತ್ತಿ ಒಂದು, ಎರಡು, ಮೂರು ಅಂತ ತೋರಿಸಿದರೆ ಪಾಯಿಂಟೋ ನಂಬರೋ ಅನ್ನೋ ಗೊಂದಲ ಬೇಡವೆಂದು ಆಗ ಹಾಗೆ ಮಾಡುತ್ತಿದ್ದರು.) ಚೆಂಡು ತರುವವಳು ಅವಳೇ. ಮನೆ ಹೈವೇ ಪಕ್ಕ.

"ಎಮ್ಮೆ ರಸ್ತೆ ದಾಟೋದು ನೋಡಿದ್ದೀಯಲ್ಲ? ಮಂಗಳೂರು ಲಾರಿ ಎಷ್ಟು ಹಾರ್ನ್ ಹೊಡೆದರೂ ಅದೇನಾದ್ರೂ ಓಡುತ್ತಾ?"

"ಇಲ್ಲ ಮಿಸ್. ಲಾರಿನೇ ನಿಲ್ಲುತ್ತೆ."

"ಹಂಗೆ ಆಡು."

"ಏಳು ಪಾಯಿಂಟ್ ಹಿಂದಿದ್ದೀವಿ ಮಿಸ್."

"ಅವರ ಪಾಯಿಂಟೆಲ್ಲ ನಮ್ಮ ಅವಸರದಿಂದಲೇ ಬಂದಿರೋದು ಕಣೇ. ಅದನ್ನ ಮೊದಲು ನಿಲ್ಲಿಸು."

ಹೇಳಿಕೊಟ್ಟಿದ್ದು ಇಷ್ಟೇ: ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟು, ದಾಟಿದ ಮೇಲೆ ಮೂಲೆಗೆ ಹೋಗಬೇಡ. ಅಲ್ಲಿ ಇಬ್ಬರು ಮುತ್ತಿದರೆ ಗೆರೆಯ ಹಿಂದಕ್ಕೂ ಬರುವ ಹಾಗಿಲ್ಲ. ಐದು ಪಾಸ್ ಆಗದೆ ಯಾರೂ ರಿಂಗಿನ ಕಡೆ ನೋಡಬಾರದು. ದೊಡ್ಡ ಪಂದ್ಯಗಳಲ್ಲಾದರೆ 24 ಸೆಕೆಂಡಿನೊಳಗೆ ಚೆಂಡು ರಿಂಗಿಗೆ ಎಸೆಯಲೇಬೇಕು. ಆವತ್ತು ಮೇಜಿನ ಮೇಲಿದ್ದದ್ದು ಒಂದು ಸ್ಟಾಪ್‌ವಾಚು, ಸ್ಕೋರು ಬರೆಯುವ ಪುಸ್ತಕ, ಒಂದು ಸೀಟಿ. 24 ಎಣಿಸುವ ಗಡಿಯಾರ ಎಲ್ಲಿಂದ ಬರಬೇಕು?

ಎರಡನೇ ಕ್ವಾರ್ಟರಿನಲ್ಲಿ ಅವಳು ನಿಜಕ್ಕೂ ನಡೆದಳು. ನಮ್ಮ ಚೆಂಡು ಸವೆದು ಸವೆದು ಮೇಲಿನ ಗರುಕೆಲ್ಲ ಹೋಗಿ, ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಆವತ್ತು ಆಟಕ್ಕಿದ್ದದ್ದೂ ಅಂಥದ್ದೇ. ಬಲಗೈಯಲ್ಲಿ ಪುಟಿಸುತ್ತಾ ಎಡ ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುವಳು, ಕೈ ಬದಲಿಸುವಳು, ಬಲ ಅಂಗೈ ಒರೆಸಿಕೊಳ್ಳುವಳು. ಕಣ್ಣು ಮಾತ್ರ ಒಮ್ಮೆಯೂ ಚೆಂಡಿನ ಕಡೆ ಇಳಿಯಲಿಲ್ಲ. ಮೇಲೆ ಬೀಳಲು ಬಂದವಳಿಗೆ ಬೆನ್ನು ಕೊಟ್ಟು ನಿಲ್ಲುವಳು. ಯಾರಾದರೂ ಓಡಲು ಶುರು ಮಾಡಿದರೆ ನಾನು ಬೆಂಚಿನಿಂದ "ಎಮ್ಮೆ! ಎಮ್ಮೆ!" ಎಂದು ಕೂಗುವುದು. ಕಾಂಪೌಂಡಿನ ಹತ್ತಿರ ನಿಂತಿದ್ದ ಒಬ್ಬ ಯಜಮಾನರು, "ಏನ್ರೀ ಮೇಡಂ, ಹೆಣ್ಮಕ್ಕಳನ್ನ ಹಿಂಗಾ ಬೈಯೋದು?" ಅಂತ ಜಗಳಕ್ಕೇ ಬಂದರು.

ಅರ್ಧ ಆಟಕ್ಕೆ 14–10. ಮೂರನೆಯದು ಮುಗಿದಾಗ 18–17. ಇನ್ನೂ ಹಿಂದೆಯೇ, ಆದರೆ ಈಗ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದವರು ಅವರು.

ನೋಡುವವರಿಗೆ ಬೇಜಾರು, ಒಪ್ಪುತ್ತೇನೆ. ಸುತ್ತ ನಿಂತ ಹುಡುಗರು ಆಕಳಿಸಿ ತೋರಿಸಿದರು, "ಟೀ ಕುಡ್ಕೊಂಡು ಬರ್ತೀವಿ" ಅಂದರು. ನನಗೆ ಬಿ.ಪಿ.ಇಡಿ. ಓದುವಾಗ ಕೇಳಿದ ಪಂದ್ಯ ನೆನಪಾಯಿತು. 1950ರಲ್ಲಿ ಅಮೆರಿಕದ ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು, ಮಿನಿಯಾಪೊಲಿಸ್ ಲೇಕರ್ಸ್‌ನ ದೈತ್ಯ ಜಾರ್ಜ್ ಮೈಕನ್‌ಗೆ ಚೆಂಡೇ ಸಿಗದಿರಲಿ ಎಂದು ಅದನ್ನು ಹಿಡಿದುಕೊಂಡೇ ನಿಂತು, 19–18ರಿಂದ ಗೆದ್ದರಂತೆ. ದುಡ್ಡು ಕೊಟ್ಟು ಬಂದ ಜನ ರೇಗದೆ ಇರುತ್ತಾರೆಯೇ? ಇಂಥ ಆಟಕ್ಕೆ ಕಡಿವಾಣ ಹಾಕಲೆಂದೇ 1954ರಲ್ಲಿ ಅಲ್ಲಿ 24 ಸೆಕೆಂಡಿನ ನಿಯಮ ಬಂದದ್ದು. ನಮ್ಮ ಜನ ದುಡ್ಡು ಕೊಟ್ಟಿರಲಿಲ್ಲವಲ್ಲ, ಅಷ್ಟು ಸಮಾಧಾನ.

ಕೊನೆಯ ನಲವತ್ತು ಸೆಕೆಂಡು. 22–21, ನಾವು ಮುಂದೆ, ಚೆಂಡು ಅವಳ ಕೈಯಲ್ಲಿ. ರಿಂಗಿನ ಕೆಳಗೆ ನಮ್ಮ ಒಂಬತ್ತನೇ ನಂಬರು ಒಂಟಿಯಾಗಿ ಕೈಯೆತ್ತಿ ನಿಂತಿದ್ದಾಳೆ. ಬೆಳಿಗ್ಗೆಯಿಂದ ನಿಧಾನ, ನಿಧಾನ ಎಂದು ಜಪ ಮಾಡಿದ ನಾನೇ ಎದ್ದು "ಕೊಡೇ! ಬೇಗ ಕೊಡೇ!" ಎಂದು ಕಿರುಚಿದೆ. ಅವಳು ನನ್ನ ಕಡೆ ನೋಡಿ ತಲೆಯಲ್ಲಾಡಿಸಿದಳು. ಬೇಡ, ಅಂತ. ಪುಟಿಸುತ್ತಾ ನಡುಗೆರೆಯ ಹತ್ತಿರಕ್ಕೆ ಸರಿದಳು. ಆರು ಸೆಕೆಂಡು ಉಳಿದಾಗ ಅವರು ಫೌಲ್ ಮಾಡಿದರು. ಎರಡು ಫ್ರೀ ಥ್ರೋ, ಎರಡೂ ರಿಂಗಿನೊಳಗೆ ಹೋಯಿತು. ಅವರು ದೂರದಿಂದ ಎಸೆದದ್ದು ಬೋರ್ಡಿಗೂ ತಾಗಲಿಲ್ಲ.

ಆಮೇಲೆ ಅವಳನ್ನು ಕೇಳಿದೆ, ಯಾಕೆ ಕೊಡಲಿಲ್ಲ ಅಂತ. "ಅವಳ ಕೈ ಒದ್ದೆಯಿತ್ತು ಮಿಸ್" ಅಂದಳು. ನಾನು ನೋಡಿರಲಿಲ್ಲ.

ಮಧ್ಯಾಹ್ನ ಫೈನಲ್‌ನಲ್ಲಿ ಸೋತೆವು, 21–12. ಆ ತಂಡದ ಸರ್ ಬೆಳಗಿನ ಆಟ ನೋಡಿದ್ದರು. ಮೈಮೇಲೆ ಬೀಳದೆ ಹುಡುಗಿಯರನ್ನು ರಿಂಗಿನ ಕೆಳಗೆ ಗೋಡೆಯ ಹಾಗೆ ನಿಲ್ಲಿಸಿಬಿಟ್ಟರು. ಚೆಂಡು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಿ ಅನ್ನುವ ಹಾಗೆ. ನಾವು ಹಿಂದೆ, ಗಡಿಯಾರ ಅವರ ಕಡೆ. ಓಡಬೇಕಾದ ಹೊತ್ತಿಗೆ ನಮ್ಮವರಿಗೆ ಓಡಲು ಕಾಲಿರಲಿಲ್ಲ, ನನಗೆ ಹೇಳಲು ಹೊಸದೇನೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಉಳಿದ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದರು. ಪಾಳ್ಯ ದಾಟಿರಬೇಕು, ನಾಲ್ಕನೇ ನಂಬರು ಮುಂದಿನ ಸೀಟಿನಿಂದ ತಿರುಗಿದಳು.

"ಮಿಸ್, ಎಮ್ಮೆ ಓಡೋದನ್ನ ಯಾವಾಗ ಹೇಳ್ಕೊಡ್ತೀರ?"