ಪೋಕರಿ ಮಕ್ಕಳಲ್ಲ, ಇಕ್ಕಟ್ಟಾದ ಕ್ಲಾಸು

ಜೂನ್ 20, 2025, ಶುಕ್ರವಾರ
ಬದಿಯಡ್ಕ, ಕಾಸರಗೋಡು (ಕೇರಳ)

ಮಕ್ಕಳು ಮನೆಗೆ ಹೋದ ಮೇಲೆ ನಾನು, ಎರಡನೇ ಕ್ಲಾಸಿನ ಟೀಚರ್ ಸೇರಿ ನಮ್ಮ ಮೂರನೇ ಕ್ಲಾಸಿನ ಬೆಂಚುಗಳನ್ನೆಲ್ಲ ಸರಿಸಿ ಹಾಕಿದೆವು.

"ಈ ವರ್ಷದ ಮಕ್ಕಳು ಭಾರೀ ಪೋಕರಿ" ಎಂಬ ಮಾತು ಶಾಲೆ ತೆರೆದಾಗಿನಿಂದ ಕೇಳಿಬರುತ್ತಿದೆ. ನಾನಿದನ್ನು ಒಪ್ಪುವುದಿಲ್ಲ. ಜಗಳ ಎಲ್ಲೆಲ್ಲಿ ಶುರುವಾಗುತ್ತದೆ ಎಂದು ಈ ವಾರ ಬರೆದಿಟ್ಟೆ. ಹೆಚ್ಚಿನವು ಬಾಗಿಲ ಬಳಿಯೇ! ತುಳು ತಿಂಗಳಾದ ಕಾರ್ತೆಲಿನ ಮಳೆ, ಒದ್ದೆ ಕೊಡೆಗಳೆಲ್ಲ ಒಂದೇ ಮೂಲೆಯಲ್ಲಿ ರಾಶಿ. ಒಬ್ಬ ಜಾರುತ್ತಾನೆ, "ಟೀಚರೇ, ಇವ ದೂಡಿದ" ಎಂಬ ದೂರು ಬರುತ್ತದೆ. ಇನ್ನೊಂದು ಜಾಗ ಬೋರ್ಡಿನ ಪಕ್ಕದ ಕಸದ ಬುಟ್ಟಿ. ಪೆನ್ಸಿಲ್ ಕೆತ್ತಲು ಎದ್ದವರು ಹೋಗುವ ದಾರಿಯಲ್ಲಿ ನಾಲ್ಕು ತಲೆಗೆ ತಟ್ಟದೆ ಹೋಗುತ್ತಾರಾ? ಬುಟ್ಟಿ ಈಗ ಹಿಂದಕ್ಕೆ ಹೋಯಿತು. ಕೊಡೆ ತೂಗುಹಾಕಲು ಜಗಲಿಯಲ್ಲಿ ಹಗ್ಗ ಕಟ್ಟಿದೆವು, ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ.

ಸಾಲಾಗಿ ಕೂರಿಸುವುದೋ, ಗುಂಪಾಗಿಯೋ ಎಂದು ನಮ್ಮಿಬ್ಬರಲ್ಲಿ ಸ್ವಲ್ಪ ಚರ್ಚೆಯಾಯಿತು. ಈ ಬಗೆಗಿನ ಅಧ್ಯಯನಗಳನ್ನು 2008ರಲ್ಲಿ ವನಾರ್ಕ, ರೂಲ್ ಎಂಬಿಬ್ಬರು ಸಂಶೋಧಕರು ಒಟ್ಟಿಗೆ ಪರಿಶೀಲಿಸಿದ್ದರು. ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲು, ಕೂಡಿ ಮಾತಾಡಬೇಕಾದ ಕೆಲಸಕ್ಕೆ ಗುಂಪು ಒಳ್ಳೆಯದು ಎಂದು ಅವರು ಕಂಡರು. ಹಾಗಾಗಿ ಲೆಕ್ಕಕ್ಕೆ ಸಾಲು, ಕಥೆಗೆ ಗುಂಪು. ಯಾವ ಮಗುವಿನ ಹತ್ತಿರಕ್ಕೂ ನಾನು ಬೇಗ ಹೋಗಿ ನಿಲ್ಲುವ ಹಾಗೆ ನಡುವೆ ದಾರಿ ಬಿಟ್ಟಿದ್ದೇವೆ. ಪಕ್ಕದಲ್ಲಿ ನಿಂತರೆ ಬೈಯುವ ಅಗತ್ಯವೇ ಕಡಿಮೆ.

ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಇನ್ನೊಂದು ವಿಷಯವಿದೆ. ಮನೆಯಲ್ಲಿ ತುಳು ಕೆಲವರಿಗೆ, ಮಲಯಾಳ ಕೆಲವರಿಗೆ, ಮರಾಠಿ, ಕೊಂಕಣಿ ಇನ್ನು ಕೆಲವರಿಗೆ. ನಾನು ಹೇಳಿದ್ದು ಅರ್ಥವಾಗದ ಮಗು ಪಕ್ಕದವಳನ್ನು ಕೇಳುತ್ತದೆ. ನೋಡುವವರಿಗೆ ಅದು ಗಲಾಟೆ. ಪಾಪ, ಅದು ಕಲಿಯಲು ಹೊರಟ ಮಗು ಅಲ್ವಾ? ಹಾಗಾಗಿ ಕನ್ನಡ ಚೆನ್ನಾಗಿ ಬರುವ, ಆ ಮಗುವಿನ ಮನೆಮಾತೂ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲೇ ಕೂರಿಸುತ್ತೇನೆ. ಪುಸ್ತಕ ತೆಗೆ, ಬರೆ, ಕೈ ತೊಳೆ, ಊಟಕ್ಕೆ ಸಾಲು ನಿಲ್ಲು ಎಂಬುದಕ್ಕೆಲ್ಲ ಚಿತ್ರ ಬಿಡಿಸಿ ಬೋರ್ಡಿನ ಮೇಲೆ ಅಂಟಿಸಿದ್ದೇನೆ.

ಉಳಿದ ಚಾರ್ಟುಗಳನ್ನು ಹಿಂದಿನ ಗೋಡೆಗೆ ಹಾಕಿದೆವು. ಗೋಡೆ ತುಂಬ ಚಿತ್ರವಿದ್ದ ಕೋಣೆಯಲ್ಲಿ ಪುಟ್ಟ ಮಕ್ಕಳ ಗಮನ ಜಾಸ್ತಿ ಚೆದುರುತ್ತದೆ, ಕಲಿಕೆಯೂ ಕಡಿಮೆಯಾಗುತ್ತದೆ ಎಂದು 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ.

ಸೋಮವಾರ ಮೊದಲ ಪಿರಿಯಡ್ ಪಾಠವಿಲ್ಲ. ಒಳಗೆ ಬರುವುದು, ಬ್ಯಾಗ್ ಇಡುವುದು, ಬೆಂಚು ತಿರುಗಿಸುವುದು, ಎಲ್ಲವನ್ನೂ ಮಕ್ಕಳಿಂದಲೇ ಮಾಡಿಸಬೇಕು. ನಾಲ್ಕನೇ ಕ್ಲಾಸಿನ ಟೀಚರೂ ನೋಡಲು ಬರುತ್ತೇನೆ ಎಂದಿದ್ದಾರೆ.